ರಣರಂಗದಲ್ಲಿ ಮುಟ್ಟಿದರೆ ಮುನಿ

ಯುದ್ಧದ ಚಿತ್ರವೆಂದರೆ ಜನ ಏನನ್ನು ಬಯಸಿ ಹೋಗುತ್ತಾರೆಂಬುದು ಎಲ್ಲರಿಗೂ ತಿಳಿದದ್ದೇ. ಫಿರಂಗಿ ಗುಡುಗಬೇಕು, ವಿಮಾನ ಉರಿದು ಬೀಳಬೇಕು, ಮಾತು ಗಡುಸಾಗಿ ಮನಸ್ಸು ಮೆತ್ತಗಿರುವ ಹವಾಲ್ದಾರನೊಬ್ಬ ಇರಬೇಕು, ಹೆಂಡತಿಯ ಭಾವಚಿತ್ರವನ್ನು ಜೇಬಿನಿಂದ ತೆಗೆದು ಗೆಳೆಯನಿಗೆ ತೋರಿಸಿದ ಸಿಪಾಯಿ ಮುಂದಿನ ಕಾಲು ಗಂಟೆಯೊಳಗೆ ತಪ್ಪದೆ ಸಾಯಬೇಕು. ಕೊನೆಗೆ ಬಾವುಟ ಏರಬೇಕು. ಈ ಕಟ್ಟಳೆಗಳನ್ನು ಯಾರೂ ಬರೆದಿಟ್ಟಿಲ್ಲ. ಆದರೂ ಮದುವೆಯ ಮನೆಯಲ್ಲಿ ಎಲೆಯ ಯಾವ ಮೂಲೆಗೆ ಉಪ್ಪು, ಯಾವ ಮೂಲೆಗೆ ಪಾಯಸ ಎಂಬುದು ಹೇಗೆ ನಿಶ್ಚಿತವೊ ಹಾಗೆ ಇವೂ ನಿಶ್ಚಿತವಾಗಿ ಹೋಗಿವೆ. ಈ ಎಲೆಯನ್ನೇ ತಿರುಗಿಸಿ ಹಾಕಿದ ಚಿತ್ರವೊಂದು 1998ರಲ್ಲಿ ಬಂದಿತು. ಅದರ ಹೆಸರು 'ದಿ ಥಿನ್ ರೆಡ್ ಲೈನ್'. ಕನ್ನಡದಲ್ಲಿ ಹೇಳುವುದಾದರೆ, ತೆಳುವಾದ ಕೆಂಪು ಗೆರೆ.

ಅದನ್ನು ತೆಗೆದವರು ಟೆರೆನ್ಸ್ ಮ್ಯಾಲಿಕ್ ಎಂಬ ಅಮೆರಿಕನ್ ನಿರ್ದೇಶಕರು. ತತ್ತ್ವಶಾಸ್ತ್ರ ಓದಿ, ಹೈಡೆಗ್ಗರ್ ಎಂಬ ಜರ್ಮನ್ ದಾರ್ಶನಿಕನ ಗ್ರಂಥವೊಂದನ್ನು ಇಂಗ್ಲಿಷಿಗೆ ತಂದು, ಕೆಲಕಾಲ ಪಾಠ ಹೇಳಿ, ಆಮೇಲೆ ಚಿತ್ರರಂಗಕ್ಕೆ ಬಂದ ಮನುಷ್ಯ. 1973ರಲ್ಲಿ ಒಂದು, 1978ರಲ್ಲಿ ಒಂದು, ಹೀಗೆ ಎರಡೇ ಚಿತ್ರಗಳನ್ನು ತೆಗೆದು ಹೆಸರು ಗಳಿಸಿ, ಅನಂತರ ಇಪ್ಪತ್ತು ವರ್ಷ ಒಂದನ್ನೂ ಹೊರತರಲಿಲ್ಲ. ಇಪ್ಪತ್ತು ವರ್ಷದ ಮೌನ ಮುರಿದು ಬಂದದ್ದು ಈ ಯುದ್ಧಚಿತ್ರ. ಜೇಮ್ಸ್ ಜೋನ್ಸ್ 1962ರಲ್ಲಿ ಬರೆದ ಕಾದಂಬರಿ ಇದಕ್ಕೆ ಆಧಾರ. ಜೋನ್ಸ್ ತಾನೇ ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ದ್ವೀಪದಲ್ಲಿ ಜಪಾನೀಯರೊಡನೆ ಹೋರಾಡಿ ಗಾಯಗೊಂಡ ಸಿಪಾಯಿ.

ಆ ದ್ವೀಪದ ಕದನ 1942ರ ಆಗಸ್ಟಿನಲ್ಲಿ ಮೊದಲಾಗಿ 1943ರ ಫೆಬ್ರವರಿಯಲ್ಲಿ ಮುಗಿಯಿತು. ಅದೇ 1943ರಲ್ಲಿ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಬಾಗಿಲು ತೆರೆಯಿತು. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧವೆಂದು ಕೇಳಬಹುದು. ಏನೂ ಇಲ್ಲ. ಆದರೆ ಯುದ್ಧವು ದೂರದ ಊರಿನದೆಂದು ತಿಳಿಯುವ ಬಸವನಗುಡಿಯವರು ಇದನ್ನು ನೆನೆಯುವುದು ಒಳ್ಳೆಯದು. ಅಕ್ಕಿಗೂ ಸೀಮೆಎಣ್ಣೆಗೂ ಜನ ಸಾಲು ನಿಂತ ದಿನಗಳು ಅವು. 1940ರ ಕೊನೆಯಲ್ಲಿ ಹುಟ್ಟಿದ ವಿಮಾನ ಕಾರ್ಖಾನೆಯಲ್ಲಿ ಅಮೆರಿಕನ್ ವಿಮಾನಗಳು ದುರಸ್ತಿಯಾಗುತ್ತಿದ್ದುವು. ಊರಾಚೆ ಇಟಲಿಯ ಸೆರೆಯಾಳುಗಳ ಶಿಬಿರಗಳಿದ್ದುವು. ಅಷ್ಟೇಕೆ, 'ಬೆಂಗಳೂರು' ಎಂಬ ಹೆಸರು ಮೊಟ್ಟಮೊದಲು ಕಾಣಿಸಿಕೊಳ್ಳುವುದೇ ಒಂದು ಕಾಳಗದ ನೆನಪಿನಲ್ಲಿ. ಬೇಗೂರಿನ ದೇವಾಲಯದಲ್ಲಿರುವ, ಒಂಬತ್ತನೆಯ ಶತಮಾನದ ಕೊನೆಯದೆಂದು ವಿದ್ವಾಂಸರು ಹೇಳುವ ಶಾಸನವು ಬೆಂಗಳೂರು ಕಾಳಗದಲ್ಲಿ ಮಡಿದವನೊಬ್ಬನನ್ನು ಸ್ಮರಿಸುತ್ತದೆ. ಊರು ಯಾವುದು, ಎಷ್ಟು ಮನೆ, ಯಾರ ಸಂತೆ ಎಂಬ ಯಾವ ವಿವರವೂ ಅಲ್ಲಿಲ್ಲ. ಇಲ್ಲಿ ಕಾದಾಡಿದರು, ಒಬ್ಬ ಸತ್ತ ಎಂಬುದೊಂದೇ.

ಮ್ಯಾಲಿಕ್ ಚಿತ್ರವು ಮೊಸಳೆಯೊಂದಿಗೆ ಪ್ರಾರಂಭವಾಗುತ್ತದೆ. ಹಸಿರು ಪಾಚಿ ಕಟ್ಟಿದ ನೀರಿನೊಳಕ್ಕೆ ಅದು ಸದ್ದಿಲ್ಲದೆ ಇಳಿದು ಮರೆಯಾಗುತ್ತದೆ. ಅನಂತರ ಮರಗಳು, ಮರಗಳ ನಡುವೆ ಇಳಿಯುವ ಬಿಸಿಲ ಕೋಲುಗಳು. ಪ್ರಕೃತಿಯ ಒಡಲಿನಲ್ಲಿಯೇ ಈ ಕಲಹ ಏತಕ್ಕೆ ಇದೆ ಎಂದು ಒಂದು ದನಿ ತನ್ನಷ್ಟಕ್ಕೆ ತಾನು ಕೇಳಿಕೊಳ್ಳುತ್ತದೆ. ಆಮೇಲೆ ಸಮುದ್ರತೀರದ ಒಂದು ಹಳ್ಳಿ. ದಳದಿಂದ ತಪ್ಪಿಸಿಕೊಂಡು ಬಂದ ವಿಟ್ ಎಂಬ ಸಿಪಾಯಿ ಅಲ್ಲಿಯ ಮಕ್ಕಳೊಡನೆ ಈಜುತ್ತಿದ್ದಾನೆ. ಯುದ್ಧ ಇನ್ನೂ ಬಂದಿಲ್ಲ. ಅದು ಹೊಗೆಯುಗುಳುವ ನೌಕೆಯ ರೂಪದಲ್ಲಿ ದೂರದಲ್ಲಿ ಕಾಣಿಸಿಕೊಳ್ಳುವ ವೇಳೆಗೆ, ಬಂದೂಕಿನ ಸದ್ದಿಗಾಗಿ ಕಾದು ಕುಳಿತ ಪ್ರೇಕ್ಷಕನ ತಾಳ್ಮೆ ಅರ್ಧ ಕರಗಿರುತ್ತದೆ.

ಉಳಿದರ್ಧವೂ ಕರಗುವುದು ಸೈನ್ಯ ದ್ವೀಪಕ್ಕೆ ಇಳಿದಾಗ. ದೋಣಿಗಳಲ್ಲಿ ಕುಳಿತ ಹುಡುಗರ ಮುಖ ಬಿಳಿಚಿದೆ. ಒಬ್ಬನಿಗೆ ಹೊಟ್ಟೆ ತೊಳಸುತ್ತಿದೆ. ದಡ ಮುಟ್ಟಿದೊಡನೆ ಗುಂಡಿನ ಮಳೆ ಸುರಿಯುವುದೆಂದು ಎಲ್ಲರೂ ಉಸಿರು ಬಿಗಿಹಿಡಿದಿದ್ದಾರೆ. ದಡಕ್ಕೆ ಹಾರುತ್ತಾರೆ, ಓಡುತ್ತಾರೆ. ಅಲ್ಲಿ ಒಂದು ನರಪಿಳ್ಳೆಯೂ ಇಲ್ಲ! ತೆಂಗಿನ ಮರಗಳು ಮಾತ್ರ ತಲೆದೂಗುತ್ತಿವೆ. ಕಾಡಿನ ದಾರಿಯಲ್ಲಿ ಸೈನ್ಯ ಸಾಲಾಗಿ ಒಳಕ್ಕೆ ಹೋಗುವಾಗ ಎದುರಿನಿಂದ ಆ ನೆಲದ ಮುದುಕನೊಬ್ಬ ನಡೆದು ಬರುತ್ತಾನೆ. ಒಬ್ಬ ಸಿಪಾಯಿಯತ್ತಲೂ ಕಣ್ಣೆತ್ತಿ ನೋಡದೆ ತನ್ನ ಪಾಡಿಗೆ ತಾನು ದಾಟಿ ಹೋಗುತ್ತಾನೆ. ಜಗತ್ತಿನ ಎರಡು ಮಹಾಸಾಮ್ರಾಜ್ಯಗಳು ತನ್ನ ಹಿತ್ತಿಲಿನಲ್ಲಿ ಕಾದಾಡುತ್ತಿದ್ದರೆ ಆತನಿಗೆ ಸಂಜೆಯೊಳಗೆ ಮನೆ ಸೇರುವ ಅವಸರ. ಯುದ್ಧವನ್ನು ಇಷ್ಟು ಚೆನ್ನಾಗಿ ಅಳೆದು ತೋರಿಸಿದ ದೃಶ್ಯ ಮತ್ತೊಂದಿರುವುದು ಅಪರೂಪ.

ಈ ಚಿತ್ರವು ಗಾಂಧಿ ಬಜಾರಿನ ಹಿಂದಣ ಅಡ್ಡರಸ್ತೆಯ ಒಂದು ಹಳೆಯ ಮನೆಗೆ ಬಂದದ್ದು ಡಿ.ವಿ.ಡಿ.ಯ ಕಾಲದಲ್ಲಿ, ಕಾಲೇಜಿನಲ್ಲಿ ಓದುತ್ತಿದ್ದ ಮೊಮ್ಮಗನ ಕೈಯಲ್ಲಿ. ಯುದ್ಧದ ಚಿತ್ರವೆಂದು ಯಾರೊ ಹೇಳಿದ್ದನ್ನು ನಂಬಿ ಆತ ತಂದಿದ್ದ. ಭಾನುವಾರದ ಊಟವಾಗಿ, ಮನೆಯವರೆಲ್ಲ ಪಡಸಾಲೆಯಲ್ಲಿ ಸೇರಿದ್ದರು. ಮೊದಲ ಅರ್ಧ ಗಂಟೆಯಲ್ಲಿ ಹುಡುಗ ಮೂರು ಬಾರಿ ಆಕಳಿಸಿದ. ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿದ್ದ ಆತನ ತಂದೆ, ತೆರೆಯ ಮೇಲೆ ಮತ್ತೆ ಮರ, ಮತ್ತೆ ಹಕ್ಕಿ, ಮತ್ತೆ ಹೂವು ಕಾಣಿಸಿಕೊಂಡಾಗ, "ಏನಪ್ಪಾ ಇದು, ಯುದ್ಧವೋ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವೋ?" ಎಂದರು. ಅವರ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ದೊಡ್ಡ ದೊಡ್ಡ ನಗರಗಳ ವಿಮರ್ಶಕರಲ್ಲಿ ಹಲವರು ಇದನ್ನೇ ಹೆಚ್ಚು ಬಿಗುವಿನ ಭಾಷೆಯಲ್ಲಿ ಬರೆದಿದ್ದರು. ಅದೇ ವರ್ಷ ಸ್ಪೀಲ್‌ಬರ್ಗರ 'ಸೇವಿಂಗ್ ಪ್ರೈವೇಟ್ ರಯಾನ್' ಬಂದು ಜನರನ್ನು ಕುರ್ಚಿಯ ತುದಿಗೆ ತಂದು ಕೂರಿಸಿತ್ತು. ಅದರ ಎದುರಿಗೆ ಇದು ಸಪ್ಪೆಯೆಂದು ತೋರಿದ್ದು ಸಹಜ. ಆಸ್ಕರ್ ಪ್ರಶಸ್ತಿಗೆ ಏಳು ವಿಭಾಗಗಳಲ್ಲಿ ಇದರ ಹೆಸರಿತ್ತು. ಸಿಕ್ಕಿದ್ದು ಒಂದೂ ಇಲ್ಲ. 1999ರಲ್ಲಿ ಬರ್ಲಿನ್ ಚಿತ್ರೋತ್ಸವ ಮಾತ್ರ ತನ್ನ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ಕರಡಿಯನ್ನು ಇದಕ್ಕೆ ಕೊಟ್ಟಿತು.

ಎದ್ದುಹೋಗದೆ ಕುಳಿತಿದ್ದವರು ಅಜ್ಜಿಯೊಬ್ಬರೇ. ಎಪ್ಪತ್ತು ದಾಟಿದ್ದ ಆಕೆಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಅಮೆರಿಕದ ದಕ್ಷಿಣ ಸೀಮೆಯ ಸಿಪಾಯಿಗಳ ಇಂಗ್ಲಿಷಂತೂ ಇಂಗ್ಲಿಷ್ ಬಲ್ಲವರಿಗೂ ಕಷ್ಟ. ಆದರೆ ಈ ಚಿತ್ರಕ್ಕೆ ಮಾತು ತಿಳಿಯದಿರುವುದು ಅಂಥ ಕೊರತೆಯಲ್ಲ. ಇಲ್ಲಿ ಕೇಳಿಬರುವ ಸ್ವಗತಗಳು ಹತ್ತಾರು. ಯಾವುದು ಯಾರ ದನಿಯೆಂದು ಎರಡನೆಯ ಸಲ ನೋಡಿದವರಿಗೂ ಖಚಿತವಾಗುವುದಿಲ್ಲ. ಒಬ್ಬ ಮೊದಲು ಮಾಡಿದ ಪ್ರಶ್ನೆಯನ್ನು ಮತ್ತೊಬ್ಬ ಮುಂದುವರಿಸುತ್ತಾನೋ ಎಂಬಂತೆ ಅವು ಹೆಣೆದುಕೊಂಡಿವೆ. ಇದು ನಿರ್ದೇಶಕರ ಅಜಾಗರೂಕತೆಯೆಂದು ಹೇಳಿದವರಿದ್ದಾರೆ. ಅಲ್ಲ, ಇಡೀ ದಳಕ್ಕೇ ಒಂದು ಮನಸ್ಸು ಇದ್ದಿದ್ದರೆ ಅದು ಹೀಗೆ ಮಾತನಾಡೀತೆಂಬುದು ಅವರ ಕಲ್ಪನೆ. ಬಸವನಗುಡಿಯಲ್ಲಿ ಗಮಕ ಕೇಳಿ ಬೆಳೆದವರಿಗೆ ಇದು ತೀರ ಹೊಸದೇನೂ ಅಲ್ಲ. ಒಬ್ಬರು ಪದ್ಯವನ್ನು ರಾಗವಾಗಿ ವಾಚನ ಮಾಡುತ್ತಾರೆ. ಇನ್ನೊಬ್ಬರು ನಿಲ್ಲಿಸಿ ವ್ಯಾಖ್ಯಾನ ಹೇಳುತ್ತಾರೆ. ಕಥೆ ಆ ನಡುವೆ ನಿಂತೇ ಇರುತ್ತದೆ, ಯಾರಿಗೂ ಅವಸರವಿಲ್ಲ. ಕರ್ಣನ ರಥದ ಚಕ್ರ ನೆಲದಲ್ಲಿ ಹೂತಿರುವಾಗ ವ್ಯಾಖ್ಯಾನಕಾರರು ಕಾಲು ಗಂಟೆ ದಾನಧರ್ಮದ ವಿಚಾರ ಹೇಳಿದರೂ ಸಭೆ ಏಳುವುದಿಲ್ಲ. ಮ್ಯಾಲಿಕ್ ಚಿತ್ರದಲ್ಲಿ ಕ್ಯಾಮರಾದ ಕೆಲಸ ವಾಚನ, ದನಿಯ ಕೆಲಸ ವ್ಯಾಖ್ಯಾನ. ಒಂದೇ ವ್ಯತ್ಯಾಸವೆಂದರೆ ಈ ವ್ಯಾಖ್ಯಾನಕಾರರು ಉತ್ತರ ಹೇಳುವುದಿಲ್ಲ, ಪ್ರಶ್ನೆಗಳನ್ನೇ ಕೇಳುತ್ತಾರೆ.

ಯುದ್ಧವನ್ನು ಕಾವ್ಯವಾಗಿ ಹೇಳುವುದು ಸರಿಯೆ ಎಂಬ ಪ್ರಶ್ನೆಯೂ ಈ ನೆಲಕ್ಕೆ ಹೊಸದಲ್ಲ. ವ್ಯಾಸಭಾರತದ ದ್ರೋಣಪರ್ವದಲ್ಲಿ ಒಂದು ಪ್ರಸಂಗವುಂಟು. ಜಯದ್ರಥನ ವಧೆಯಾದ ದಿನ ಕದನ ಸೂರ್ಯಾಸ್ತದಲ್ಲಿ ನಿಲ್ಲದೆ ರಾತ್ರಿಯೂ ನಡೆಯುತ್ತದೆ. ಕಣ್ಣು ಕೂರುತ್ತಿರುವ ಯೋಧರನ್ನು ನೋಡಿ, ಸ್ವಲ್ಪ ಹೊತ್ತು ಇಲ್ಲಿಯೇ ಮಲಗಿರಿ, ಚಂದ್ರ ಮೂಡಿದ ಮೇಲೆ ಕಾದೋಣ ಎಂದು ಅರ್ಜುನನು ಕೂಗಿ ಹೇಳುತ್ತಾನೆ. ಶತ್ರುಸೈನ್ಯವೂ ಅವನನ್ನು ಹರಸುತ್ತದೆ. ಆನೆಯ ಬೆನ್ನಿನ ಮೇಲೆ, ಕುದುರೆಯ ಬೆನ್ನಿನ ಮೇಲೆ, ರಥದ ಹಲಗೆಯ ಮೇಲೆ, ಬರಿನೆಲದ ಮೇಲೆ ಎರಡು ಕಡೆಯವರೂ ನಿದ್ರೆಹೋಗುತ್ತಾರೆ. ಆಮೇಲೆ ಚಂದ್ರೋದಯದ ವರ್ಣನೆ. ಅದು ಎಷ್ಟು ಸೊಗಸಾಗಿದೆಯೆಂದರೆ, ಬೆಳಕು ಹರಡಿದೊಡನೆ ಅವರೆಲ್ಲ ಎದ್ದು ಒಬ್ಬರನ್ನೊಬ್ಬರು ಕೊಲ್ಲಲಿದ್ದಾರೆಂಬುದನ್ನು ಕೇಳುಗ ಮರೆಯುತ್ತಾನೆ. ಮರುಕ್ಷಣ ನೆನಪಾದಾಗ ಎದೆ ಧಸಕ್ಕೆನ್ನುತ್ತದೆ. ಚಂದ್ರನ ಚೆಲುವು ಅಲ್ಲಿ ಅಲಂಕಾರಕ್ಕಾಗಿ ಇಲ್ಲ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಹೆಣಗಳ ನಡುವೆ ನಡೆದುಹೋಗುವಾಗ ತನ್ನವರಿಗಾಗಿ ಅಳುವುದಷ್ಟೇ ಅಲ್ಲ, ಹಗೆಯ ಮಗನಾದ ಅಭಿಮನ್ಯುವಿನ ಶವದೆದುರು ನಿಂತು ಅವನ ಶೌರ್ಯವನ್ನು ಕೊಂಡಾಡುತ್ತಾನೆ. ಸಾವಿರ ವರ್ಷದ ಹಿಂದಿನ ಕನ್ನಡಿಗ ಇದನ್ನು ಕೇಳಿ ತಲೆದೂಗಿದ್ದಾನೆ. ಹೀಗಿರಲು ಆತನ ವಂಶಸ್ಥರು ಹುಲ್ಲಿನ ಮೇಲೆ ಬಿದ್ದ ಬಿಸಿಲನ್ನು ಕಂಡು ಆಕಳಿಸಬೇಕೆ?

ಆ ಹುಲ್ಲಿನ ವಿಷಯ ಹೇಳಲೇಬೇಕು. ಚಿತ್ರದ ಬಹುಭಾಗ ನಡೆಯುವುದು ಒಂದು ಗುಡ್ಡದ ಇಳಿಜಾರಿನಲ್ಲಿ. ಎದೆಮಟ್ಟದ ಹುಲ್ಲು ಬೆಳೆದಿದೆ. ನೆತ್ತಿಯ ಮೇಲೆ ಎಲ್ಲಿಯೋ ಜಪಾನೀಯರ ಮೆಷಿನ್‌ಗನ್ನುಗಳಿವೆ, ಅವು ಕಾಣುವುದಿಲ್ಲ. ದಂಡನಾಯಕನ ಕೈಸನ್ನೆಯಂತೆ ಇಬ್ಬರು ಹುಡುಗರು ಮುಂದೆ ಹೋಗುತ್ತಾರೆ. ಎರಡು ಸದ್ದು. ಇಬ್ಬರೂ ಹುಲ್ಲಿನಲ್ಲಿ ಮುಳುಗಿಹೋಗುತ್ತಾರೆ. ರಕ್ತವಿಲ್ಲ, ಕೂಗಿಲ್ಲ. ಮರುಕ್ಷಣ ಮೋಡ ಸರಿದು ಬಿಸಿಲು ಇಡೀ ಗುಡ್ಡವನ್ನು ಸವರಿಕೊಂಡು ಹೋಗುತ್ತದೆ. ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತದೆ. ಅಷ್ಟೇ. ಸಾವಿರ ಗ್ಯಾಲನ್ ಕೆಂಪು ಬಣ್ಣ ಚೆಲ್ಲಿದ ಚಿತ್ರಗಳಲ್ಲಿ ಹುಟ್ಟದ ಭಯ ಈ ಬಿಸಿಲಿನಲ್ಲಿ ಹುಟ್ಟುತ್ತದೆ. ಆಕಾಶಕ್ಕೆ ಏನೂ ಆಗಿಲ್ಲ! ಛಾಯಾಗ್ರಾಹಕ ಜಾನ್ ಟೋಲ್ ಇದನ್ನು ಸೆರೆಹಿಡಿದದ್ದು ಹೆಚ್ಚಾಗಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ; ಕೆಲವು ಭಾಗ ಮಾತ್ರ ಸಾಲೊಮನ್ ದ್ವೀಪಗಳಲ್ಲಿಯೇ ಆಯಿತು.

ಆ ದಾಳಿಗೆ ಮುನ್ನ ಒಂದು ಬೆಳಗ್ಗೆ. ಬಡತಿಗಾಗಿ ಮುದುಕನಾಗುವವರೆಗೆ ಕಾದ ಕರ್ನಲ್ ಟಾಲ್, ದೂರವಾಣಿಯಲ್ಲಿ ಕ್ಯಾಪ್ಟನ್ ಸ್ಟಾರೋಸನಿಗೆ ಹೋಮರನ ಅರುಣೋದಯದ ವಿಶೇಷಣವನ್ನು ಗ್ರೀಕ್ ಭಾಷೆಯಲ್ಲಿಯೇ ಹೇಳುತ್ತಾನೆ. ಉಷೆಯ ಬೆರಳುಗಳು ಗುಲಾಬಿಯಂತೆ! ಬೆಳಗ್ಗೆ ಕವಿತೆ ಹೇಳಿದ ಬಾಯಿಯೇ ಮಧ್ಯಾಹ್ನ, ಎಷ್ಟು ಜನ ಸತ್ತರೂ ಚಿಂತೆಯಿಲ್ಲ, ನೇರವಾಗಿ ನುಗ್ಗಿಸು ಎಂದು ಅರಚುತ್ತದೆ. ವಕೀಲನಾಗಿದ್ದ ಸ್ಟಾರೋಸ್ ಆಗುವುದಿಲ್ಲವೆನ್ನುತ್ತಾನೆ. ಹುಡುಗರನ್ನು ಸುಮ್ಮನೆ ಸಾಯಲು ಕಳುಹಿಸಲಾರೆನೆಂದು ದೂರವಾಣಿಯಲ್ಲಿಯೇ ನಿರಾಕರಿಸುತ್ತಾನೆ. ಅವನನ್ನು ಪದವಿಯಿಂದ ಇಳಿಸಿ, ಪದಕದ ಆಸೆ ತೋರಿಸಿ, ಮನೆಗೆ ಕಳುಹಿಸುತ್ತಾರೆ. ಕಾವ್ಯವನ್ನು ಬಾಯಲ್ಲಿಟ್ಟುಕೊಂಡವನು ಬೇರೆ, ಎದೆಯಲ್ಲಿಟ್ಟುಕೊಂಡವನು ಬೇರೆ ಎಂಬುದನ್ನು ಮ್ಯಾಲಿಕ್ ಎಲ್ಲಿಯೂ ವಾಚ್ಯವಾಗಿ ಹೇಳುವುದಿಲ್ಲ. ಟಾಲ್‌ನ ಪಾತ್ರದಲ್ಲಿ ನಿಕ್ ನೋಲ್ಟಿಯ ಕತ್ತಿನ ನರಗಳು ಉಬ್ಬುವುದನ್ನು ನೋಡಿದರೆ ಸಾಕು.

ಗುಂಡುಗಳು ಹಾರುತ್ತಿರುವಾಗ, ಹುಲ್ಲಿನಲ್ಲಿ ಅವುಚಿಕೊಂಡ ಸಿಪಾಯಿಯೊಬ್ಬನ ಕಣ್ಣೆದುರಿಗೆ ಪುಟ್ಟದೊಂದು ಗಿಡ. ಆತ ಬೆರಳು ಚಾಚಿ ಮುಟ್ಟುತ್ತಾನೆ. ಎಲೆಗಳು ಮೆಲ್ಲಗೆ ಮುದುಡಿಕೊಳ್ಳುತ್ತವೆ. ಅದು ಮುಟ್ಟಿದರೆ ಮುನಿ.

"ಸ್ವಲ್ಪ ನಿಲ್ಲಿಸು," ಎಂದರು ಅಜ್ಜಿ.

ನೀರು ಬೇಕೇನೊ ಎಂದು ಮೊಮ್ಮಗ ನಿಲ್ಲಿಸಿದ. ಅಜ್ಜಿ ನೀರು ಕೇಳಲಿಲ್ಲ. ಮುದುಡಿದ ಎಲೆಯನ್ನೇ ನೋಡುತ್ತ ಕುಳಿತರು.

ಆಕೆಗೆ ಒಬ್ಬ ಅಣ್ಣನಿದ್ದ. 1942ರಲ್ಲಿ ಸೈನ್ಯದ ಸರಬರಾಜು ದಳಕ್ಕೆ ಗುಮಾಸ್ತನಾಗಿ ಸೇರಿ, ಇಂಫಾಲದ ಮಾರ್ಗವಾಗಿ ಬರ್ಮಾಕ್ಕೆ ಹೋಗಿ, ಚಿಂದ್‌ವಿನ್ ನದಿ ದಾಟಿದವನು. ಎರಡು ವರ್ಷ ಮನೆಗೆ ಬಂದದ್ದು ಬೆರಳೆಣಿಕೆಯ ಕಾಗದಗಳು. ಅವುಗಳಲ್ಲಿಯೂ ಸೈನ್ಯದ ಪರಿಶೀಲಕರು ಮಸಿ ಬಳಿದ ಸಾಲುಗಳೇ ಹೆಚ್ಚು. 1946ರಲ್ಲಿ ಆತ ಹಿಂದಿರುಗಿದ ದಿನ ಬೀದಿಯ ಜನವೆಲ್ಲ ಪಡಸಾಲೆಯಲ್ಲಿ ಸೇರಿತ್ತು. ಊಟವಾದ ಮೇಲೆ ತಂದೆ, "ಹೇಳಪ್ಪಾ, ಏನೇನು ಕಂಡೆ?" ಎಂದು ಕೇಳಿದರು. ಆತ ಬಹಳ ಹೊತ್ತು ಯೋಚಿಸಿ, "ಅಲ್ಲಿಯ ಮಳೆ ನೋಡಬೇಕಪ್ಪ. ಮೇಲಿನ ಎಲೆಯ ಹನಿ ಕೆಳಗಿನ ಎಲೆಗೆ, ಅದರಿಂದ ಅದರ ಕೆಳಗಿನದಕ್ಕೆ. ನೆಲಕ್ಕೆ ಬರುವ ಹೊತ್ತಿಗೆ ಮಳೆ ನಿಂತು ಎಷ್ಟೋ ಹೊತ್ತಾಗಿರುತ್ತೆ," ಎಂದ. ಮತ್ತೇನೂ ಹೇಳಲಿಲ್ಲ. ತಾಯಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ದಿನಕ್ಕೆರಡು ಸಲ ಅಂಚೆಯವನ ದಾರಿ ಕಾದಿದ್ದೀನಿ. ಇವನು ಬಂದು ಮಳೆಯ ಪುರಾಣ ಹೇಳ್ತಾನೆ!" ಎಂದು ಒಳಗೆ ಹೋಗಿಬಿಟ್ಟರು. ಯುದ್ಧ ಕಂಡವನು ಹೀಗೆ ಮಾತನಾಡುತ್ತಾನೆಯೆ? ಎಲ್ಲೋ ಹಿಂದಿನ ಬಂಗಲೆಯಲ್ಲಿ ಮೂಟೆ ಎಣಿಸಿಕೊಂಡು ಸುಖವಾಗಿದ್ದನೆಂದು ಮನೆಯವರು ತೀರ್ಮಾನ ಮಾಡಿದರು. ಬೀದಿಯವರೂ ಒಪ್ಪಿದರು. ಆತ ಅದನ್ನು ಅಲ್ಲವೆನ್ನಲಿಲ್ಲ. ಮೂವತ್ತು ವರ್ಷ ಕಚೇರಿಯಲ್ಲಿ ದುಡಿದು, ಭಾನುವಾರ ಬೆಳಗ್ಗೆ ತಪ್ಪದೆ ಲಾಲ್‌ಬಾಗಿಗೆ ಹೋಗಿ, ಒಂದೊಂದು ಗಿಡದ ಎದುರು ಹತ್ತು ಹತ್ತು ನಿಮಿಷ ನಿಂತು ಬರುತ್ತಿದ್ದ. ತಂಗಿ ಒಮ್ಮೊಮ್ಮೆ ಜೊತೆಗೆ ಹೋಗಿ ಬೇಸರಪಟ್ಟು ಮುಂದೆ ನಡೆದುಬಿಡುತ್ತಿದ್ದುದೂ ಉಂಟು. 1979ರಲ್ಲಿ ತೀರಿಕೊಂಡ.

"ಅಣ್ಣಯ್ಯ ಹಿಂದಿನ ಬಂಗಲೆಯಲ್ಲಿ ಇರಲಿಲ್ಲ," ಎಂದರು ಅಜ್ಜಿ.

"ಯಾರಜ್ಜಿ?"

"ನಿಮ್ಮಪ್ಪನ ಸೋದರಮಾವ. ಇರಲಿ, ಮುಂದೆ ಹಾಕು."

ಮುಂದೆ ಬರುವುದು ಶಿಬಿರದ ಮೇಲಿನ ದಾಳಿ. ಚಿತ್ರದ ಅತ್ಯಂತ ಘೋರವಾದ ಭಾಗ ಅದು. ಅತ್ಯಂತ ಸುಂದರವಾದದ್ದೂ ಅದೇ. ಮಂಜಿನೊಳಗಿಂದ ನುಗ್ಗಿದ ಅಮೆರಿಕನ್ ಸಿಪಾಯಿಗಳಿಗೆ ಸಿಕ್ಕುವವರು ಹಸಿವಿನಿಂದ, ಜ್ವರದಿಂದ ಎಲುಬುಗೂಡಾದ ಜಪಾನೀಯರು. ಒಬ್ಬ ಅಳುತ್ತಿದ್ದಾನೆ, ಒಬ್ಬ ಸತ್ತ ಗೆಳೆಯನನ್ನು ಅಪ್ಪಿಕೊಂಡಿದ್ದಾನೆ, ಒಬ್ಬ ಪದ್ಮಾಸನದಲ್ಲಿ ಧ್ಯಾನಕ್ಕೆ ಕುಳಿತುಬಿಟ್ಟಿದ್ದಾನೆ. ಬಂದೂಕಿನ ಸದ್ದು ಕ್ರಮೇಣ ಹಿಂದೆ ಸರಿದು ಹಾನ್ಸ್ ಝಿಮ್ಮರರ ಸಂಗೀತ ಮುಂದೆ ಬರುತ್ತದೆ. ಗಡಿಯಾರದಂತೆ ಮಿಡಿಯುವ ಒಂದೇ ತಾಳದ ಮೇಲೆ ಸ್ವರಗಳು ಪದರ ಪದರವಾಗಿ ಏರುತ್ತ ಹೋಗುತ್ತವೆ. ಗೆಲುವಿನ ಸಂಗೀತವಲ್ಲ ಅದು. ಗೆದ್ದವರಿಗಾಗಿಯೂ ಅಳುವ ಸಂಗೀತ. ಸತ್ತವರ ಬಾಯಿಂದ ಚಿನ್ನದ ಹಲ್ಲುಗಳನ್ನು ಕಿತ್ತು ಚೀಲಕ್ಕೆ ತುಂಬಿಕೊಂಡ ಸಿಪಾಯಿ ಆಮೇಲೆ ಸುರಿಯುವ ಮಳೆಯಲ್ಲಿ ಒಬ್ಬನೇ ಕುಳಿತು ಅವನ್ನು ಎಸೆದು ಬಿಕ್ಕಿ ಬಿಕ್ಕಿ ಅಳುತ್ತಾನೆ. ಮಣ್ಣಿನಲ್ಲಿ ಅರ್ಧ ಹೂತ ಜಪಾನಿ ಮುಖವೊಂದು, ನೀನು ಒಳ್ಳೆಯವನೆಂದು ನಂಬಿರುವೆಯಾ ಎಂಬ ಅರ್ಥ ಬರುವಂತೆ ಬದುಕಿದವರನ್ನು ವಿಚಾರಿಸುತ್ತದೆ.

ಇಷ್ಟು ಹೊಗಳಿದ ಮೇಲೆ ಕುಂದುಗಳನ್ನು ಮುಚ್ಚಿಡಬೇಕಾದ್ದಿಲ್ಲ. ದ್ವೀಪದ ಮೂಲನಿವಾಸಿಗಳನ್ನು ಮ್ಯಾಲಿಕ್ ಮೊದಲಿನಲ್ಲಿ ತೀರ ದೇವಲೋಕದವರನ್ನಾಗಿ ಮಾಡಿಬಿಟ್ಟಿದ್ದಾರೆ. ಅವರಿಗೂ ಜಗಳ, ರೋಗ, ಹಟ ಇರುವುದೆಂದು ವಿಟ್ ಎರಡನೆಯ ಸಲ ಹಳ್ಳಿಗೆ ಹೋದಾಗ ತೋರಿಸಿದರೂ, ಅವರಲ್ಲಿ ಒಬ್ಬರೂ ಹೆಸರಿನಿಂದ, ಮಾತಿನಿಂದ ನಮಗೆ ಪರಿಚಯವಾಗುವುದಿಲ್ಲ. ಸ್ವಗತಗಳಲ್ಲಿ ಕೆಲವು ತೂಕ ಹೆಚ್ಚಾಗಿ ಕಿವಿಗೆ ಭಾರವಾಗುತ್ತವೆ. ಪ್ರಸಿದ್ಧ ನಟರು ಎರಡೆರಡು ನಿಮಿಷ ಕಾಣಿಸಿಕೊಂಡು ಹೋಗುವುದರಿಂದ ಗಮನ ಚದುರುತ್ತದೆ; ಜಾರ್ಜ್ ಕ್ಲೂನಿ ಕೊನೆಯಲ್ಲಿ ಬಂದು ಒಂದು ಭಾಷಣ ಮಾಡುವುದು ಏತಕ್ಕೊ ತಿಳಿಯದು. ಇನ್ನು ತಾನೇ ಮುಖ್ಯ ಪಾತ್ರಧಾರಿಯೆಂದು ನಂಬಿದ್ದ ಏಡ್ರಿಯನ್ ಬ್ರಾಡಿಗೆ ಸಂಕಲನದ ಕತ್ತರಿ ಉಳಿಸಿಕೊಟ್ಟದ್ದು ಬೆದರಿದ ಎರಡು ಕಣ್ಣುಗಳನ್ನು ಮಾತ್ರ. ಆ ಕಣ್ಣುಗಳು ಬಹಳ ಚೆನ್ನಾಗಿವೆ, ಅದು ಬೇರೆ ಮಾತು.

ಕನ್ನಡದಲ್ಲಿ ಇಂಥದ್ದು ಇಲ್ಲವೆ ಎಂದು ಕೇಳುವವರು 1990ರ 'ಮುತ್ತಿನ ಹಾರ'ವನ್ನು ನೆನೆಯಬೇಕು. ಎಸ್. ವಿ. ರಾಜೇಂದ್ರಸಿಂಗ್ ಬಾಬು ತಾವೇ ನಿರ್ಮಿಸಿ ನಿರ್ದೇಶಿಸಿದ ಚಿತ್ರ. ಎರಡನೆಯ ಮಹಾಯುದ್ಧದಿಂದ 1962ರ ಚೀನಾ ಯುದ್ಧದವರೆಗೆ ಕಾದಾಡುವ ಕೊಡಗಿನ ಸಿಪಾಯಿ ಅಚ್ಚಪ್ಪನಾಗಿ ವಿಷ್ಣುವರ್ಧನ್, ಆತನ ಕೈಹಿಡಿಯುವ ದಾದಿ ಅನ್ನಪೂರ್ಣೆಯಾಗಿ ಸುಹಾಸಿನಿ. ಅದಕ್ಕೆ ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತು. ಮ್ಯಾಲಿಕ್ ರೀತಿಗೂ ಇದಕ್ಕೂ ಹೋಲಿಕೆ ಕಡಮೆ. ಇಲ್ಲಿ ಕಥೆಯಿದೆ, ಕಣ್ಣೀರಿದೆ, ವೀರಾವೇಶವಿದೆ. ಆದರೆ ಹಂಸಲೇಖರ ಸಂಗೀತದಲ್ಲಿ ಬಾಲಮುರಳಿಕೃಷ್ಣ ಮತ್ತು ಚಿತ್ರಾ ಹಾಡುವ ಹಾಡು ಬಂದಾಗ ಯುದ್ಧ ಒಂದು ಗಳಿಗೆ ಪಕ್ಕಕ್ಕೆ ಸರಿದು, ಇಬ್ಬರು ಮನುಷ್ಯರು ಕಾಲದ ಎದುರು ನಿಂತಂತೆ ಆಗುತ್ತದೆ. ಹಾಡಿಗಾಗಿ ಕಥೆಯನ್ನು ನಿಲ್ಲಿಸುವುದು ಇಲ್ಲಿಯ ಚಿತ್ರಗಳ ದೋಷವೆಂದು ಹೇಳಿ ಹೇಳಿ ರೂಢಿಯಾಗಿದೆ. ಮ್ಯಾಲಿಕ್ ಚಿತ್ರವನ್ನು ನೋಡಲು ಬೇಕಾದ ಅಭ್ಯಾಸವನ್ನು ಕನ್ನಡದ ಪ್ರೇಕ್ಷಕನಿಗೆ ಕೊಟ್ಟದ್ದು ಆ ದೋಷವೇ ಇರಬೇಕು. ಮೆಲನೇಷಿಯದ ಜನ ಸಾಮೂಹಿಕವಾಗಿ ಹಾಡುವ ಪ್ರಾರ್ಥನಾಗೀತೆಗಳು ಗುಂಡಿನ ಸದ್ದಿನ ಪಕ್ಕದಲ್ಲಿ ಎದ್ದಾಗ, ಇದೇಕೆ ಇಲ್ಲಿ ಎಂದು ಪಾಶ್ಚಾತ್ಯ ವಿಮರ್ಶಕ ಕೇಳಬಹುದು. ಹಾಡು ಎಲ್ಲಿಂದ ಬಂತೆಂದು ಕೇಳುವ ಅಭ್ಯಾಸವೇ ಕನ್ನಡಿಗನಿಗಿಲ್ಲ.

ವಿಟ್ ಕೊನೆಯಲ್ಲಿ ಗೆಳೆಯರನ್ನು ಉಳಿಸುವುದಕ್ಕಾಗಿ ಶತ್ರುಗಳನ್ನು ತನ್ನ ಹಿಂದೆ ಸೆಳೆದುಕೊಂಡು ಕಾಡಿನ ಬಯಲೊಂದಕ್ಕೆ ಓಡುತ್ತಾನೆ. ಸುತ್ತಲೂ ಜಪಾನೀಯರು. ಶರಣಾಗೆಂದು ಒಬ್ಬ ತನ್ನ ಭಾಷೆಯಲ್ಲಿ ಬೇಡಿಕೊಳ್ಳುವಂತೆ ಕೂಗುತ್ತಾನೆ. ವಿಟ್ ಅವನ ಮುಖ ನೋಡುತ್ತಾನೆ. ನಿಧಾನವಾಗಿ ಬಂದೂಕನ್ನು ಎತ್ತುತ್ತಾನೆ. ಗುಂಡಿನ ಸದ್ದಾಗುತ್ತದೆ. ಮರುಕ್ಷಣ ಆತ ಮೊದಲಿನ ನೀಲಿ ನೀರಿನಲ್ಲಿ ಮಕ್ಕಳೊಡನೆ ಈಜುತ್ತಿದ್ದಾನೆ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಮೂರು ಅಂತಸ್ತುಗಳಿರುವುದನ್ನು ಕಂಡವರಿಗೆ ಈ ದೃಶ್ಯಕ್ಕೆ ಟೀಕೆ ಬೇಡ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಆತ ಶಾಂತವಾಗಿ ಕುಳಿತಿರುವುದು. ಮ್ಯಾಲಿಕ್ ಆ ಕಲ್ಲುಗಳನ್ನು ನೋಡಿರಲಾರರು. ನಡುವಣ ಅಂತಸ್ತನ್ನು ಬಿಟ್ಟು ಕೆಳಗಿನಿಂದ ನೇರವಾಗಿ ಮೇಲಕ್ಕೆ ಹಾರಿದ್ದಾರೆ. ಆದರೆ ವೀರಗಲ್ಲಿನ ಮಾತನ್ನು ನಂಬದವನ ದನಿಯೂ ಈ ಚಿತ್ರದಲ್ಲಿದೆ. ವಿಟ್‌ನೊಡನೆ ಮೊದಲಿನಿಂದ ವಾದಿಸುತ್ತ ಬಂದ ಸಾರ್ಜೆಂಟ್ ವೆಲ್ಷ್, ಬೇರೊಂದು ಲೋಕವಿಲ್ಲ, ಇರುವುದು ಇದೊಂದೇ ಬಂಡೆ ಎನ್ನುವವನು, ಆತನ ಗೋರಿಯ ಮುಂದೆ ಕುಳಿತು, ನೀನು ಹೇಳುತ್ತಿದ್ದ ಆ ಕಿಡಿ ಈಗ ಎಲ್ಲಿ ಎಂದು ಕೇಳುತ್ತಾನೆ. ಶಾನ್ ಪೆನ್ ಆ ಮಾತನ್ನಾಡುವ ರೀತಿಯಲ್ಲಿ ಕುಹಕವೂ ಇಲ್ಲ, ಭಕ್ತಿಯೂ ಇಲ್ಲ.

ಈ ಚಿತ್ರವನ್ನು ನೋಡಬೇಕೆಂದಿರುವವರಿಗೆ ಎರಡು ಮಾತು. ಇದು ಮೂರು ಗಂಟೆಗೆ ಹತ್ತು ನಿಮಿಷ ಕಡಮೆ. ಆದ್ದರಿಂದ ಅಡುಗೆ, ಕಾಫಿ, ಮಕ್ಕಳ ಪಾಠ ಎಲ್ಲ ಮುಗಿಸಿ ಕೂರುವುದು ಲೇಸು. ಯಾವ ದನಿ ಯಾರದೆಂದು ಹುಡುಕುವ ಗೋಜಿಗೆ ಹೋಗಬಾರದು. ಪ್ಲಾಜಾ, ರೆಕ್ಸ್ ಮೊದಲಾದ ದಂಡಿನ ಪ್ರದೇಶದ ದೊಡ್ಡ ತೆರೆಗಳು ಈಗಿಲ್ಲವಾದ್ದರಿಂದ ಮನೆಯ ತೆರೆಯೇ ಗತಿ. ದೀಪವನ್ನಾದರೂ ಆರಿಸಿ ಕೂತರೆ ಹುಲ್ಲಿನ ಬಣ್ಣ ಸರಿಯಾಗಿ ಕಾಣುತ್ತದೆ. ಮುಗಿಯಿತೆಂದು ತಿಳಿದು, ಹಡಗು ಹೊರಟೊಡನೆ ಎದ್ದುಬಿಡಬಾರದು. ಆಮೇಲೆ ಮೂರು ಚಿಕ್ಕ ದೃಶ್ಯಗಳಿವೆ: ಹೊಳೆಯಲ್ಲಿ ಸಾಗುವ ದೋಣಿ, ಕೊಂಬೆಯ ಮೇಲಿನ ಎರಡು ಗಿಳಿ, ಆಳವಿಲ್ಲದ ನೀರಿನಲ್ಲಿ ಮರಳಿಗೆ ಒರಗಿ ಮೊಳಕೆಯೊಡೆದ ಒಂದು ತೆಂಗಿನಕಾಯಿ.